ಟೋಪಿಯ ಮೇಲಿನ ನಾಯಿ

1939ರ ಸೆಪ್ಟೆಂಬರ್ 3. ಬ್ರಿಟನ್ ಯುದ್ಧ ಸಾರಿದ ದಿನ ಕತ್ತಲಾಗುವ ಹೊತ್ತಿಗೆ ಐರ್ಲೆಂಡಿನ ವಾಯುವ್ಯ ಸಮುದ್ರದಲ್ಲಿ ಅಥೀನಿಯಾ ಎಂಬ ಪ್ರಯಾಣಿಕರ ಹಡಗಿಗೆ ಟಾರ್ಪಿಡೊ ಬಡಿಯಿತು. ನೂರಕ್ಕೂ ಹೆಚ್ಚು ಜನ ಸತ್ತರು. ಹೊಡೆದದ್ದು ಜರ್ಮನ್ ಜಲಾಂತರ್ಗಾಮಿ ಯು-30, ಅದರ ಕಮಾಂಡರ್ ಫ್ರಿಟ್ಸ್ ಯೂಲಿಯುಸ್ ಲೆಂಪ್. ಮುಂದೆ ಇದೇ ದೋಣಿಯ ಗುರುತಾಗಿ ಮೆರೆದದ್ದು ಹುಲಿಯೂ ಅಲ್ಲ, ತಿಮಿಂಗಿಲವೂ ಅಲ್ಲ. ಲೆಂಪ್ ಸಾಕಿದ್ದ ಶ್ನುರ್ಟ್ಸ್‌ಲ್ ಎಂಬ ಪುಟ್ಟ ನಾಯಿ!

ಎರಡನೇ ಮಹಾಯುದ್ಧದ ಪಳೆಯುಳಿಕೆಗಳನ್ನು ಕೂಡಿಡುವವರಲ್ಲಿ ನಾವಿಕರು ಇಂಥ ಚಿತ್ರಗಳನ್ನು ಮೂಡಿಸಿ ಟೋಪಿಗೆ ಚುಚ್ಚಿಕೊಳ್ಳುತ್ತಿದ್ದ ಬಿಲ್ಲೆಗಳ ಬೆನ್ನು ಹತ್ತಿದ ಒಂದು ಪ್ರತ್ಯೇಕ ಬಳಗವೇ ಇದೆ. ಪದಕಗಳು ಅವರಿಗೆ ಅಷ್ಟು ಮುಖ್ಯವಲ್ಲ. ಜರ್ಮನ್ ನೌಕಾಪಡೆ 1939ರ ಅಕ್ಟೋಬರಿನಲ್ಲಿ ಜಾರಿಗೆ ತಂದ ಅಧಿಕೃತ ಜಲಾಂತರ್ಗಾಮಿ ಪದಕದಲ್ಲಿ ಹದ್ದೂ ಸ್ವಸ್ತಿಕವೂ ಇದ್ದವು. ಸಾಮಾನ್ಯವಾಗಿ ಎರಡು ಯುದ್ಧಯಾನ ಮುಗಿಸಿದವನಿಗೆ ಅದು ಸಿಗುತ್ತಿತ್ತು, ಕಾರ್ಖಾನೆಯ ಅಚ್ಚಿನಲ್ಲಿ ಸಾವಿರಗಟ್ಟಲೆ ತಯಾರಾಗುತ್ತಿತ್ತು. ಟೋಪಿಯ ಬಿಲ್ಲೆಗೆ ಅಂಥ ಅಪ್ಪಣೆಯೂ ಇಲ್ಲ, ಅಚ್ಚೂ ಇಲ್ಲ. ದೋಣಿಯಲ್ಲೋ ಬಂದರಿನ ಕಾರ್ಯಾಗಾರದಲ್ಲೋ ಹಿತ್ತಾಳೆ, ಅಲ್ಯೂಮಿನಿಯಂ ತಗಡನ್ನು ಕತ್ತರಿಸಿ, ಅರದಿಂದ ಉಜ್ಜಿ, ಹಿಂದೆ ಪಿನ್ನು ಬೆಸೆದು, ಮೇಲೆ ಬಣ್ಣ ಬಳಿದು ಮಾಡಿಕೊಂಡದ್ದು. ಅದನ್ನು ಚುಚ್ಚಿಕೊಳ್ಳುತ್ತಿದ್ದುದು ದೋಣಿಯಾಕಾರದ ಬಟ್ಟೆಯ ಟೋಪಿಗೆ, ಹೆಚ್ಚಾಗಿ ಎಡಪಕ್ಕಕ್ಕೆ. ಆ ಟೋಪಿಯನ್ನು ನಾವಿಕರು ‘ಶಿಫ್‌ಶೆನ್’ ಎನ್ನುತ್ತಿದ್ದರು, ಅಂದರೆ ಪುಟಾಣಿ ಹಡಗು.

ಯುದ್ಧ ಶುರುವಾಗುತ್ತಲೇ ಜಲಾಂತರ್ಗಾಮಿಗಳ ಮೇಲ್ಭಾಗದ ಗೋಪುರದ ಮೇಲಿದ್ದ ದೊಡ್ಡ ಅಂಕಿಗಳನ್ನು ಅಳಿಸಿಬಿಟ್ಟರು. ಶತ್ರುವಿಗೆ ಗುರುತು ಸಿಗಬಾರದಲ್ಲ. ಹೀಗೆ ಬರಿದಾದ ಗೋಪುರದ ಮೇಲೆ ನಾವಿಕರು ತಮಗೆ ತೋಚಿದ್ದನ್ನು ಬರೆಯತೊಡಗಿದರು. ಅದೇ ಚಿತ್ರ ಟೋಪಿಯ ಬಿಲ್ಲೆಗೂ ಇಳಿಯಿತು. ಮುಖ್ಯವಾಗಿ ಹೆಸರು ಮಾಡಿದ ಚಿತ್ರವೆಂದರೆ ಯು-47ರ ಗುಟುರು ಹಾಕುವ ಗೂಳಿ. 1939ರ ಅಕ್ಟೋಬರ್ 14ರ ನಡುರಾತ್ರಿ ಕಳೆದ ಮೇಲೆ ಅದರ ಕಮಾಂಡರ್ ಗುಂಟರ್ ಪ್ರೀನ್ ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋ ನೆಲೆಯೊಳಗೇ ನುಗ್ಗಿ ರಾಯಲ್ ಓಕ್ ಯುದ್ಧನೌಕೆಯನ್ನು ಮುಳುಗಿಸಿದ. ಎಂಟುನೂರಕ್ಕೂ ಹೆಚ್ಚು ಬ್ರಿಟಿಷ್ ನಾವಿಕರು ಸತ್ತರು. ಅವನ ಸಹಾಯಕ ಎಂಗೆಲ್ಬರ್ಟ್ ಎಂಡ್ರಾಸ್ ವ್ಯಂಗ್ಯಚಿತ್ರವೊಂದನ್ನು ನೋಡಿ ಗೋಪುರದ ಮೇಲೆ ಗೂಳಿಯನ್ನು ಮೂಡಿಸಿದ. ಅದೇ ಗೂಳಿ ಮುಂದೆ 7ನೇ ಜಲಾಂತರ್ಗಾಮಿ ದಳದ ಎಲ್ಲ ದೋಣಿಗಳಿಗೂ ಹಬ್ಬಿತು. ಯು-96ರ ನಗುವ ಗರಗಸ ಮೀನೂ ಇದೇ ರೀತಿ 9ನೇ ದಳದ ಗುರುತಾಯಿತು. ‘ದಾಸ್ ಬೂಟ್’ ಸಿನಿಮಾ ನೋಡಿದವರಿಗೆ ಆ ಮೀನಿನ ನೆನಪಿರಬಹುದು. ಆ ಕತೆ ಹುಟ್ಟಿದ್ದೇ ಯು-96ರಲ್ಲಿ ವರದಿಗಾರನಾಗಿ ಪಯಣಿಸಿದ ಬುಕ್‌ಹೈಮ್ ಎಂಬಾತನ ಅನುಭವದಿಂದ.

ಕೆಲವೆಡೆ ಬರೀ ಹೆಸರಿನ ಚೇಷ್ಟೆ. ಯು-201ರ ಕಮಾಂಡರನ ಅಡ್ಡಹೆಸರು ಶ್ನೇ, ಅಂದರೆ ಹಿಮ. ಅವನ ದೋಣಿಗೆ ಹಿಮದ ಬೊಂಬೆ ಬಂತು. 1936ರಲ್ಲಿ, ಬರ್ಲಿನ್ ಒಲಿಂಪಿಕ್ಸ್ ನಡೆದ ವರ್ಷ, ನೌಕಾಪಡೆ ಸೇರಿದ ಅಧಿಕಾರಿಗಳು ಕಮಾಂಡರುಗಳಾದಾಗ ಐದು ಉಂಗುರಗಳನ್ನೇ ಬರೆಸಿಕೊಂಡರು. ಯು-99ರದು ಕುದುರೆ ಲಾಳ. ಲಂಗರು ಎತ್ತಿದಾಗ ಲಾಳ ಸಿಕ್ಕಿತೆಂದು ಅದೃಷ್ಟದ ಸಂಕೇತವಾಗಿ ಗೋಪುರಕ್ಕೆ ಜಡಿದರು, ಅದೂ ಬಾಯಿ ಕೆಳಗೆ ಮಾಡಿ. ಹಾಗಿಟ್ಟರೆ ಅದೃಷ್ಟ ಸೋರಿಹೋಗುತ್ತದೆ ಎಂಬ ನಂಬಿಕೆ ಬ್ರಿಟಿಷರದು. 1941ರ ಮಾರ್ಚ್ 17ರಂದು ದೋಣಿ ಮುಳುಗಿತು. ಆದರೆ ಕಮಾಂಡರ್ ಒಟ್ಟೊ ಕ್ರೆಚ್‌ಮರ್ ಮತ್ತು ಅವನ ಜೊತೆಯ ಬಹುಪಾಲು ಜನ ಸೆರೆಯಾಗಿ ಬದುಕಿ ಉಳಿದರು. ಜರ್ಮನ್ ಜಲಾಂತರ್ಗಾಮಿಗಳಲ್ಲಿ ದುಡಿದ ಸುಮಾರು 40,000 ಜನರಲ್ಲಿ ಮುಕ್ಕಾಲು ಪಾಲು ಹಿಂತಿರುಗಲೇ ಇಲ್ಲ. ಆ ಲೆಕ್ಕದಲ್ಲಿ ಲಾಳ ತನ್ನ ಕೆಲಸ ಮಾಡಿತೆಂದೇ ಹೇಳಬೇಕೇನೋ.

ಚಿತ್ರಗಳ ಈ ಗೊಂಡಾರಣ್ಯದಲ್ಲಿ ಸಂಗ್ರಾಹಕರಿಗೆ ದಾರಿ ತೋರುವ ಪುಸ್ತಕ ಗೆಯೋರ್ಗ್ ಹ್ಯೋಗೆಲ್‌ನದು. ಅವನು ಹೊರಗಿನಿಂದ ಬಂದ ಸಂಶೋಧಕನಲ್ಲ. ಯು-30ರಲ್ಲಿ, ಆಮೇಲೆ ಲೆಂಪ್‌ನ ಎರಡನೇ ದೋಣಿ ಯು-110ರಲ್ಲಿ ರೇಡಿಯೊ ನೋಡಿಕೊಳ್ಳುತ್ತಿದ್ದವನು. 1941ರ ಮೇ 9ರಂದು ಬ್ರಿಟಿಷರು ಯು-110 ಅನ್ನು ಹಿಡಿದು, ಅದರೊಳಗಿನ ಎನಿಗ್ಮಾ ಸಂಕೇತಯಂತ್ರವನ್ನೂ ಗುಪ್ತಲಿಪಿ ಪುಸ್ತಕಗಳನ್ನೂ ಹೊತ್ತೊಯ್ದರು. ಲೆಂಪ್ ಸತ್ತ, ಹ್ಯೋಗೆಲ್ ಸೆರೆಯಾದ. ಯುದ್ಧ ಮುಗಿದು ಎಷ್ಟೋ ಕಾಲದ ಮೇಲೆ ಅವನು ನೂರಾರು ದೋಣಿಗಳ ಗುರುತುಗಳನ್ನು ಒಂದೆಡೆ ಸೇರಿಸಿದ. ಅತ್ತ ಬ್ರಿಟಿಷರೂ ಸೆರೆಯಾಳುಗಳ ವಿಚಾರಣಾ ವರದಿಗಳಲ್ಲಿ ದೋಣಿಯ ಚಿತ್ರ ಯಾವುದೆಂದು ಬರೆದಿಡುತ್ತಿದ್ದರು. ಆಗ ಬೇಹುಗಾರಿಕೆಗೆಂದು ಬರೆದದ್ದು ಈಗ ಸಂಗ್ರಾಹಕನಿಗೆ ಸಾಕ್ಷಿಪತ್ರ.

ಸಾಕ್ಷಿ ಬೇಕೇ ಬೇಕು. ನೋಡಿ, ಕೈಯಲ್ಲಿ ಮಾಡಿದ್ದೆಂಬುದೇ ಬಿಲ್ಲೆಯ ಬೆಲೆ, ಅದೇ ಅದರ ಪೀಡೆ. ನಲವತ್ತೈವತ್ತು ಜನರ ಒಂದೇ ದೋಣಿಯಲ್ಲೂ ಒಂದರಂತೆ ಇನ್ನೊಂದಿಲ್ಲ, ಹಾಗಾಗಿ ಹೋಲಿಸಿ ನೋಡಲು ಮಾದರಿಯೇ ಇಲ್ಲ. ಅಂದು ಗರಗಸ ಹಿಡಿದು ನಾವಿಕ ಮಾಡಿದ್ದನ್ನು ಇಂದು ಯಾವ ಶೆಡ್ಡಿನಲ್ಲಿ ಕೂತೂ ಮಾಡಬಹುದು. ಪಳಗಿದ ಕಣ್ಣು ಮೊದಲು ಬಿಲ್ಲೆಯ ಬೆನ್ನು ನೋಡುತ್ತದೆ: ಪಿನ್ನಿನ ಬೆಸುಗೆ ಕಪ್ಪಾಗಿದೆಯೇ, ಅಂಚು ಟೋಪಿಗೆ ಉಜ್ಜಿ ನುಣುಪಾಗಿದೆಯೇ. ನೇರಳಾತೀತ ಬೆಳಕಿನಲ್ಲಿ ಬಣ್ಣ ಫಳಫಳ ಹೊಳೆದರೆ ಅದು ಯುದ್ಧಾನಂತರದ ರಾಸಾಯನಿಕವಿರಬಹುದೆಂಬ ಅನುಮಾನ. ಇವೆಲ್ಲಕ್ಕಿಂತ ಗಟ್ಟಿಯಾದದ್ದು ಆ ಬಿಲ್ಲೆ ಧರಿಸಿ ನಿಂತ ನಾವಿಕನ ಹಳೆಯ ಫೋಟೊ ಮತ್ತು ಅವನ ಸೇವಾ ಪುಸ್ತಕ. ಅವೆರಡೂ ಇಲ್ಲದ ಬಿಲ್ಲೆಗೆ ದುಡ್ಡು ಸುರಿಯುವವನನ್ನು ಧೈರ್ಯಸ್ಥ ಎನ್ನಬಹುದು, ಜಾಣ ಎನ್ನಲಾಗದು.

ಕತೆಯ ಮಟ್ಟಿಗೆ ಯು-124ರ ಬಿಲ್ಲೆಯನ್ನು ಮೀರಿಸುವುದು ಕಷ್ಟ. ಅದರಲ್ಲಿರುವುದು ಎಡೆಲ್‌ವೈಸ್, ಆಲ್ಪ್ಸ್ ಪರ್ವತದ ಬಿಳಿ ಹೂವು. ಕಡಲಿಗೂ ಬೆಟ್ಟದ ಹೂವಿಗೂ ಎತ್ತಣಿಂದೆತ್ತ ಸಂಬಂಧ? 1940ರ ಏಪ್ರಿಲ್ 13ರಂದು ನಾರ್ವೆಯ ನಾರ್ವಿಕ್ ಬಳಿ ಬ್ರಿಟಿಷ್ ವಿಮಾನವೊಂದು ಗೆಯೋರ್ಗ್ ವಿಲ್ಹೆಲ್ಮ್ ಶುಲ್ಟ್ಸ್‌ನ ಯು-64 ಅನ್ನು ಮುಳುಗಿಸಿತು. ಹಿಮಗಟ್ಟುವ ನೀರಿನಿಂದ ನಾವಿಕರನ್ನು ಎಳೆದು ಉಳಿಸಿದವರು ದಡದಲ್ಲಿದ್ದ ಜರ್ಮನ್ ಪರ್ವತ ಪಡೆಯವರು, ಅವರ ಗುರುತು ಎಡೆಲ್‌ವೈಸ್. ಹೊಸ ದೋಣಿ ಯು-124 ಕೈಗೆ ಬಂದಾಗ ಶುಲ್ಟ್ಸ್ ಆ ಋಣಕ್ಕಾಗಿ ಅದೇ ಹೂವನ್ನು ಬರೆಸಿದ. ಅವನ ನಂತರ ಬಂದ ಯೋಹಾನ್ ಮೋರ್ ಕೂಡ ಅದನ್ನು ಅಳಿಸಲಿಲ್ಲ. 1943ರ ಏಪ್ರಿಲ್ 2ರಂದು ಪೋರ್ಚುಗಲ್ ತೀರದಾಚೆ ಯು-124 ತನ್ನ 53 ಜನರೊಂದಿಗೆ ಮುಳುಗಿತು, ಒಬ್ಬರೂ ಉಳಿಯಲಿಲ್ಲ. ಈ ದೋಣಿಯ ಅಸಲಿ ಹೂವಿನ ಬಿಲ್ಲೆ ಇಂದು ಯಾರದಾದರೂ ಪೆಟ್ಟಿಗೆಯಲ್ಲಿದ್ದರೆ, ಅದು ಆ ದಿನ ದೋಣಿಯಲ್ಲಿ ಇರದಿದ್ದ ಬಿಲ್ಲೆ: ಬೇರೆ ದೋಣಿಗೆ ವರ್ಗವಾಗಿ ಹೋದವನದೋ, ರಜೆಗೆ ಬಂದವನು ಮನೆಯಲ್ಲಿ ಬಿಟ್ಟುಹೋದದ್ದೋ.