ಕಿಮೋಥೆರಪಿಯ ದಿನಗಳಲ್ಲಿ ಎದೆಬಡಿತದ ವೇಗ

ಸ್ತನ ಕ್ಯಾನ್ಸರಿಗೆ ಕಿಮೋಥೆರಪಿ ಪಡೆಯುತ್ತಿರುವ ತಾಯಂದಿರು ಕೂದಲುದುರುವಿಕೆ, ವಾಕರಿಕೆ, ಬಾಯಿಹುಣ್ಣುಗಳನ್ನು ವೈದ್ಯರ ಮುಂದೆ ಹೇಳಿಕೊಳ್ಳುತ್ತಾರೆ. ಎದೆ ಡವಗುಟ್ಟುವುದನ್ನು ಮಾತ್ರ ಎಷ್ಟೋ ಮಂದಿ ತಮ್ಮಲ್ಲಿಯೇ ಇಟ್ಟುಕೊಳ್ಳುತ್ತಾರೆ. ನಾಲ್ಕು ಮೆಟ್ಟಿಲು ಹತ್ತಿದರೆ ಹೃದಯ ಓಡತೊಡಗುತ್ತದೆ. ರಾತ್ರಿ ಮಗ್ಗುಲಾದರೆ ಅದರ ಸದ್ದು ದಿಂಬಿನಲ್ಲಿ ಕೇಳಿಸುತ್ತದೆ. ‘ಹೆದರಿಕೆಯಿಂದ ಹಾಗಾಗುತ್ತದೆ, ಧೈರ್ಯ ತಂದುಕೊಳ್ಳವ್ವ’ ಎಂದು ಮನೆಯವರು ಸಮಾಧಾನ ಹೇಳುತ್ತಾರೆ. ಹೆದರಿಕೆ ಇರುವುದು ನಿಜ, ಅದರಿಂದ ಎದೆಬಡಿತ ಏರುವುದೂ ನಿಜ. ಆದರೆ ಎಲ್ಲವನ್ನೂ ಹೆದರಿಕೆಯ ಲೆಕ್ಕಕ್ಕೆ ಬರೆದುಬಿಟ್ಟರೆ, ಚಿಕಿತ್ಸೆಯಿಂದ ಸರಿಪಡಿಸಬಹುದಾದ ದೈಹಿಕ ಕಾರಣಗಳು ಗಮನಕ್ಕೆ ಬಾರದೆ ಉಳಿಯುತ್ತವೆ. ಅವುಗಳಲ್ಲಿ ಒಂದೆರಡು ಪ್ರಾಣಕ್ಕೇ ಎರವಾಗುವಂಥವು.

ವಿಶ್ರಾಂತಿಯಲ್ಲಿರುವ ವಯಸ್ಕರ ಹೃದಯ ನಿಮಿಷಕ್ಕೆ 60ರಿಂದ 100 ಬಾರಿ ಮಿಡಿಯುತ್ತದೆ. ಕುಳಿತಿದ್ದಾಗಲೂ 100ನ್ನು ಮೀರಿದರೆ ಅದನ್ನು ವೇಗದ ಬಡಿತವೆಂದು ವೈದ್ಯರು ಪರಿಗಣಿಸುತ್ತಾರೆ. ಬೆಳಿಗ್ಗೆ ಇಷ್ಟಲಿಂಗಪೂಜೆಗೆ ಕೂರುವ ಮುನ್ನ, ಹಾಸಿಗೆಯಲ್ಲಿರುವಾಗಲೇ ನಾಡಿ ಎಣಿಸುವುದು ಉತ್ತಮ. ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕೆಳಗೆ ತೋರುಬೆರಳು, ನಡುಬೆರಳುಗಳನ್ನು ಮೃದುವಾಗಿಟ್ಟು ಪೂರ್ತಿ ಒಂದು ನಿಮಿಷ ಎಣಿಸಬೇಕು. ಹೆಬ್ಬೆರಳಿನಿಂದ ಎಣಿಸಬಾರದು, ಅದರದೇ ಮಿಡಿತ ಲೆಕ್ಕವನ್ನು ಕೆಡಿಸುತ್ತದೆ. ಕೊರೊನಾ ಕಾಲದಲ್ಲಿ ಕೊಂಡ ಬೆರಳಿನ ಆಕ್ಸಿಮೀಟರ್ ಮನೆಯಲ್ಲಿದ್ದರೆ ಅದೂ ನಾಡಿಯನ್ನು ತೋರಿಸುತ್ತದೆ. ಔಷಧದಿಂದ ಉಗುರು ಕಪ್ಪಾಗಿದ್ದರೆ ಅದರ ಅಂಕಿಯನ್ನು ಪೂರ್ತಿ ನಂಬಲಾಗದು. ದಿನಾಂಕ, ನಾಡಿ, ಮೈಯ ಉಷ್ಣತೆ, ಇಷ್ಟನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟರೆ ಸಾಕು. ‘ಎದೆ ಹೊಡೆದುಕೊಳ್ಳುತ್ತದೆ’ ಎಂಬ ಮಾತಿಗಿಂತ ‘ಮೊದಲು 78 ಇತ್ತು, ಈಗ ಐದು ದಿನದಿಂದ 110 ಇದೆ’ ಎಂಬ ಮಾತು ವೈದ್ಯರಿಗೆ ಹೆಚ್ಚು ಉಪಯುಕ್ತ.

ಕಾರಣಗಳಲ್ಲಿ ಬಹು ಸಾಮಾನ್ಯವಾದುದು ರಕ್ತಹೀನತೆ. ಕಿಮೋಥೆರಪಿಯ ಔಷಧಗಳು ಮೂಳೆಯ ಮಜ್ಜೆಯಲ್ಲಿ ರಕ್ತಕಣಗಳ ಉತ್ಪತ್ತಿಯನ್ನು ಕುಂಠಿತಗೊಳಿಸುತ್ತವೆ. ಆಮ್ಲಜನಕವನ್ನು ಹೊರುವ ಕಣಗಳು ಕಡಿಮೆಯಾದಾಗ, ಇರುವಷ್ಟನ್ನೇ ಬೇಗ ಬೇಗ ಸುತ್ತಿಸಲು ಹೃದಯ ವೇಗವನ್ನು ಹೆಚ್ಚಿಸಿಕೊಳ್ಳುತ್ತದೆ. ನಮ್ಮ ದೇಶದಲ್ಲಿ ಈ ತೊಂದರೆ ಚಿಕಿತ್ಸೆಗೆ ಮೊದಲೇ ಇರುತ್ತದೆ: 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಮಹಿಳೆಯರಲ್ಲಿ ನೂರಕ್ಕೆ 57 ಮಂದಿ ರಕ್ತಹೀನರು. ಮನೆಮಂದಿಗೆಲ್ಲ ಬಡಿಸಿ ಉಳಿದುದನ್ನು ತಾನು ಉಣ್ಣುವ ತಾಯಿಯ ಅಭ್ಯಾಸವನ್ನು ಚಿಕಿತ್ಸೆಯ ಕಾಲದಲ್ಲಾದರೂ ಮನೆಯವರು ಬಿಡಿಸಬೇಕು. ಹಾಗೆಂದು ಕಬ್ಬಿಣಾಂಶದ ಮಾತ್ರೆಗಳನ್ನು ತಾವೇ ಅಂಗಡಿಯಿಂದ ತಂದು ನುಂಗುವುದು ತರವಲ್ಲ. ಕಿಮೋಥೆರಪಿಯಿಂದಾದ ರಕ್ತಹೀನತೆಗೆ ಕಬ್ಬಿಣದ ಕೊರತೆಯೇ ಕಾರಣವಾಗಿರಬೇಕೆಂದಿಲ್ಲ.

ಎರಡನೆಯದು ನೀರಿನಂಶದ ಕೊರತೆ. ವಾಂತಿ, ಭೇದಿ, ಬಾಯಿಹುಣ್ಣಿನಿಂದಾಗಿ ನೀರು ಸೇರದಿರುವುದು, ಇವುಗಳಿಂದ ರಕ್ತನಾಳಗಳಲ್ಲಿನ ದ್ರವ ಕಡಿಮೆಯಾಗಿ ನಾಡಿ ಏರುತ್ತದೆ. ಇಲ್ಲಿ ಭಕ್ತರಿಗೆ ಒಂದು ಮಾತನ್ನು ಸ್ಪಷ್ಟವಾಗಿಯೇ ಹೇಳಬೇಕು. ಶ್ರಾವಣ ಸೋಮವಾರವಾಗಲಿ ಶಿವರಾತ್ರಿಯಾಗಲಿ, ಚಿಕಿತ್ಸೆ ಮುಗಿಯುವವರೆಗೆ ಉಪವಾಸ ಬೇಡ. ನಿರಾಹಾರವಂತೂ ಬೇಡವೇ ಬೇಡ. ಪೂಜೆ ಮುಗಿಸಿ ನೆಲದಿಂದ ಥಟ್ಟನೆ ಏಳುವಾಗ ಕಣ್ಣು ಕತ್ತಲಿಟ್ಟು ಎದೆ ಜೋರಾಗಿ ಬಡಿದುಕೊಳ್ಳುವುದೂ ಇದೇ ಕೊರತೆಯ ಲಕ್ಷಣವಾಗಿರಬಹುದು. ಕುರ್ಚಿಯ ಮೇಲೆ ಕುಳಿತು ಪೂಜಿಸಿ, ನಿಧಾನವಾಗಿ ಏಳುವುದು ಕ್ಷೇಮ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯಬಹುದು. ಸಕ್ಕರೆ ಕಾಯಿಲೆ ಇರುವವರು, ಹೃದಯ ಅಥವಾ ಮೂತ್ರಪಿಂಡದ ತೊಂದರೆಯಿಂದಾಗಿ ನೀರಿಗೆ ಮಿತಿ ಹಾಕಿಸಿಕೊಂಡವರು ವೈದ್ಯರನ್ನು ಕೇಳಿಯೇ ಕುಡಿಯಬೇಕು.

ವಾಂತಿ ಮತ್ತು ಅಲರ್ಜಿ ತಡೆಯಲು ಕೊಡುವ ಡೆಕ್ಸಾಮೆಥಸೋನ್ ಎಂಬ ಸ್ಟೀರಾಯ್ಡ್ ಕೂಡ ಎರಡು ಮೂರು ದಿನ ನಿದ್ದೆಗೆಡಿಸಿ ಎದೆಬಡಿತದ ಅರಿವನ್ನು ಹೆಚ್ಚಿಸುವುದುಂಟು. ಥೈರಾಯ್ಡ್ ಮಾತ್ರೆಯ ಪ್ರಮಾಣ ಹೆಚ್ಚಾಗಿದ್ದರೂ, ದಮ್ಮಿನ ಔಷಧದಿಂದಲೂ ಹೀಗಾಗುತ್ತದೆ.

ಇವೆಲ್ಲಕ್ಕಿಂತ ತುರ್ತಾದುದು ನಂಜು. ಔಷಧ ಪಡೆದ ಏಳರಿಂದ ಹದಿನಾಲ್ಕನೆಯ ದಿನದೊಳಗೆ ಬಿಳಿ ರಕ್ತಕಣಗಳು ಸಾಮಾನ್ಯವಾಗಿ ತೀರ ಕೆಳಮಟ್ಟಕ್ಕೆ ಇಳಿಯುತ್ತವೆ. ಆಗ ನಂಜು ತಗುಲಿದರೆ ಕೀವು, ಊತಗಳಂಥ ಗುರುತುಗಳು ಕಾಣದೆ, ನಾಡಿಯ ಏರಿಕೆ ಮತ್ತು ಚಳಿ ಮಾತ್ರ ಮೊದಲು ಕಾಣಬಹುದು. ಉಷ್ಣತೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಬೆಳಗಾಗುವವರೆಗೆ ಕಾಯಬಾರದು, ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಉಷ್ಣತೆ ನೋಡದೆ ಪ್ಯಾರಸಿಟಮಾಲ್ ನುಂಗಿದರೆ ಜ್ವರ ಮರೆಯಾಗಿ ನಂಜು ಒಳಗೇ ಬೆಳೆಯುತ್ತದೆ. ಈ ದಿನಗಳಲ್ಲಿ ಜಾತ್ರೆ, ಮದುವೆ, ದಾಸೋಹದ ಪಂಕ್ತಿಗಳಿಂದ ದೂರವಿರುವುದು ಒಳಿತು. ಪ್ರಸಾದವನ್ನು ಮನೆಗೇ ಬಿಸಿಯಾಗಿ ತರಿಸಿಕೊಂಡರಾಯಿತು. ರೋಗಿಯನ್ನು ನೋಡಲು ಬರುವ ಬಂಧುಗಳೂ ನೆಗಡಿ, ಕೆಮ್ಮು ಇದ್ದರೆ ಬಾರದಿರುವುದೇ ಅವರು ತೋರಬಹುದಾದ ಪ್ರೀತಿ.

ಇನ್ನು ಔಷಧವೇ ಹೃದಯಕ್ಕೆ ಹಾನಿ ಮಾಡುತ್ತದೆಯೇ ಎಂಬ ಅಂಜಿಕೆ. ಕೆಂಪು ಬಣ್ಣದ ಡಾಕ್ಸೊರುಬಿಸಿನ್‌ಗೆ ಅಡ್ರಿಯಾಮೈಸಿನ್ ಎಂಬ ಹೆಸರೂ ಇದೆ. ಅದರ ಮೂಲ ಇಟಲಿಯ ಮಣ್ಣಿನ ಸೂಕ್ಷ್ಮಜೀವಿ. ಹೆಸರು ಬಂದುದು ಅಲ್ಲಿನ ಅಡ್ರಿಯಾಟಿಕ್ ಸಮುದ್ರದಿಂದ. ಈ ಔಷಧ ಹೃದಯದ ಸ್ನಾಯುವನ್ನು ದುರ್ಬಲಗೊಳಿಸಬಲ್ಲದು, ಆದರೆ ಹಾನಿಯ ಸಂಭವ ಜೀವಮಾನದಲ್ಲಿ ಪಡೆದ ಒಟ್ಟು ಪ್ರಮಾಣವನ್ನು ಅವಲಂಬಿಸಿದೆ. ದೇಹದ ಮೇಲ್ಮೈಯ ಪ್ರತಿ ಚದರ ಮೀಟರಿಗೆ 450ರಿಂದ 550 ಮಿಲಿಗ್ರಾಂ ದಾಟಿದಾಗ ಅದು ತೀವ್ರವಾಗಿ ಏರುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಸಾಮಾನ್ಯವಾಗಿ ಕೊಡುವ 60 ಮಿಲಿಗ್ರಾಂನ ನಾಲ್ಕು ಸರದಿಗಳ ಮೊತ್ತ 240. ಈ ಲೆಕ್ಕ ತಿಳಿದ ತಾಯಂದಿರ ಅರ್ಧ ಭಯ ಇಳಿಯಬೇಕು. ಉಳಿದರ್ಧಕ್ಕೆ ಎಕೋ ಪರೀಕ್ಷೆ ಇದೆ: ಚಿಕಿತ್ಸೆಗೆ ಮುನ್ನ ಒಮ್ಮೆ, ಟ್ರಾಸ್ಟುಜುಮ್ಯಾಬ್ ಪಡೆಯುವವರಿಗೆ ಸುಮಾರು ಮೂರು ತಿಂಗಳಿಗೊಮ್ಮೆ. ಟ್ರಾಸ್ಟುಜುಮ್ಯಾಬ್‌ನಿಂದ ಹೃದಯದ ಬಲ ಕುಗ್ಗಿದರೂ, ಔಷಧವನ್ನು ನಿಲ್ಲಿಸಿದಾಗ ಬಹುಪಾಲು ರೋಗಿಗಳಲ್ಲಿ ಅದು ಚೇತರಿಸಿಕೊಳ್ಳುತ್ತದೆ. ಅರವತ್ತೈದು ದಾಟಿದವರು, ರಕ್ತದೊತ್ತಡ ಅಥವಾ ಹಳೆಯ ಹೃದ್ರೋಗವಿರುವವರು ಅದನ್ನು ಮೊದಲ ದಿನವೇ ಹೇಳತಕ್ಕದ್ದು.

ಮನೆಯಲ್ಲಿ ಮಾಡಬಹುದಾದುದು ಹೆಚ್ಚೇನಿಲ್ಲ, ಆದರೂ ಉಪಯುಕ್ತ. ನಾಲ್ಕು ಎಣಿಸುವಷ್ಟು ಹೊತ್ತು ಉಸಿರೆಳೆದು, ಆರು ಎಣಿಸುವಷ್ಟು ಹೊತ್ತು ಬಿಡುತ್ತ ಐದು ನಿಮಿಷ ಕುಳಿತರೆ ಆತಂಕದಿಂದಾದ ಬಡಿತ ಇಳಿಯುತ್ತದೆ. ಕುಂಭಕ, ಭಸ್ತ್ರಿಕಾದಂಥ ರಭಸದ ಪ್ರಾಣಾಯಾಮಗಳು ಈಗ ಬೇಡ. ಕಾಫಿ, ಚಹಾಗಳನ್ನು ಕಡಿಮೆ ಮಾಡಬೇಕು. ಪಡಸಾಲೆಯಲ್ಲಿ ದಿನಕ್ಕೆರಡು ಬಾರಿ ಹತ್ತು ನಿಮಿಷ ನಡೆದಾಡುವುದು, ಮಲಗಿಯೇ ಇರುವುದಕ್ಕಿಂತ ಹೃದಯಕ್ಕೆ ಹಿತ. ಕಷಾಯಗಳ ವಿಷಯದಲ್ಲಿ ಎಚ್ಚರ ಬೇಕು: ಜ್ಯೇಷ್ಠಮಧುವನ್ನು ಹೆಚ್ಚಾಗಿ ಸೇವಿಸಿದರೆ ರಕ್ತದ ಪೊಟ್ಯಾಸಿಯಂ ಇಳಿದು ಬಡಿತದ ಲಯವೇ ತಪ್ಪಬಹುದು. ಬಡಿತ ಇಳಿಸುವ ಮಾತ್ರೆಗಳನ್ನು ನೆರೆಯವರಿಂದ ಪಡೆದು ನುಂಗಬಾರದು. ದಮ್ಮಿರುವವರಿಗೆ ಅವುಗಳಲ್ಲಿ ಕೆಲವು ಅಪಾಯಕಾರಿ. ಔಷಧ ಕೊಡಲು ಕೊರಳೆಲುಬಿನ ಕೆಳಗೆ ಪೋರ್ಟ್ ಅಳವಡಿಸಿದ್ದರೆ ಶಿವದಾರ, ಕರಡಿಗೆಗಳು ಆ ಜಾಗವನ್ನು ಉಜ್ಜದಂತೆ ದಾರದ ಉದ್ದವನ್ನು ಸರಿಪಡಿಸಿಕೊಳ್ಳಬೇಕು.

ಎದೆನೋವು, ಮೂರ್ಛೆ, ಮಲಗಿದರೆ ಉಸಿರು ಕಟ್ಟುವುದು, ವಿಶ್ರಾಂತಿಯಲ್ಲೂ ನಾಡಿ 120ನ್ನು ಮೀರಿ ಇಳಿಯದಿರುವುದು, ತಾಳ ತಪ್ಪಿದ ಬಡಿತ, ಇವು ಕಂಡರೆ 108ಕ್ಕೆ ಕರೆ ಮಾಡಬೇಕು. ಒಂದೇ ಕಾಲು ಊದಿ ನೋಯುತ್ತಿದ್ದು ಹಠಾತ್ತನೆ ಏದುಸಿರು ಬಂದರೆ, ರಕ್ತದ ಗರಣೆ ಶ್ವಾಸಕೋಶಕ್ಕೆ ಸೇರಿರುವ ಶಂಕೆಯಿದೆ. ಕ್ಯಾನ್ಸರ್ ರೋಗಿಗಳಲ್ಲಿ ರಕ್ತ ಹೆಪ್ಪುಗಟ್ಟುವ ಪ್ರವೃತ್ತಿ ಹೆಚ್ಚು.

ಚಿಕಿತ್ಸೆ ಮುಗಿದ ಮೇಲೂ ಕೆಲವರಲ್ಲಿ ಬಡಿತ ಮೊದಲಿನ ಮಟ್ಟಕ್ಕೆ ಬರಲು ವಾರಗಳು, ತಿಂಗಳುಗಳು ಹಿಡಿಯುತ್ತವೆ. ಬಿಡುಗಡೆಯ ಪತ್ರದಲ್ಲಿ ಡಾಕ್ಸೊರುಬಿಸಿನ್‌ನ ಒಟ್ಟು ಪ್ರಮಾಣವನ್ನು ಬರೆಸಿಕೊಂಡು, ಎಕೋ ವರದಿಗಳ ಜೊತೆಗೆ ಜೋಪಾನವಾಗಿಡಬೇಕು. ಹತ್ತು ವರ್ಷಗಳ ನಂತರ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಹೋದಾಗಲೂ ಅರಿವಳಿಕೆ ಕೊಡುವ ವೈದ್ಯರಿಗೆ ಆ ಕಾಗದ ಬೇಕಾಗುತ್ತದೆ.