ಮನಸ್ಸಿನ ಚಿಕಿತ್ಸೆ: ಯಾವಾಗ, ಯಾರಲ್ಲಿ, ಯಾವ ಭಾಷೆಯಲ್ಲಿ?



ಮೂರು ದಿನ ಜ್ವರ ಬಿಡದಿದ್ದರೆ ನಾವು ಯಾರನ್ನೂ ಕೇಳದೆ ದವಾಖಾನೆಯ ದಾರಿ ಹಿಡಿಯುತ್ತೇವೆ. ಮೂರು ತಿಂಗಳಿಂದ ನಿದ್ದೆ ಬಾರದವನು ಮಾತ್ರ ಬೆಳಗ್ಗೆ ಎದ್ದು, ಮುಖ ತೊಳೆದು, ಏನೂ ಆಗಿಲ್ಲವೆಂಬಂತೆ ಲೋಕಲ್ ಗಾಡಿ ಹತ್ತುತ್ತಾನೆ. ಇಂಥವರು ನಮ್ಮ ವಾಚನಾಲಯಕ್ಕೂ ಬರುವುದುಂಟು. ಪತ್ರಿಕೆಯ ಒಂದೇ ಪುಟವನ್ನು ಅರ್ಧ ಗಂಟೆ ಹಿಡಿದು ಕೂತಿರುತ್ತಾರೆ. ಕೇಳಿದರೆ "ಏನಿಲ್ಲ ಬಿಡ್ರಿ" ಎನ್ನುತ್ತಾರೆ. ಅವರಿಗಾಗಿಯೂ ಅವರ ಮನೆಯವರಿಗಾಗಿಯೂ ಈ ನಾಲ್ಕು ಮಾತು.

ದುಃಖವೆಲ್ಲ ರೋಗವಲ್ಲ. ಮನೆಯಲ್ಲಿ ಸಾವಾದರೆ, ಕೆಲಸ ಹೋದರೆ ಮನಸ್ಸು ಕುಗ್ಗುವುದು ಸಹಜ. ಆದರೆ ಎರಡು ವಾರಕ್ಕೂ ಮೀರಿ ಹೆಚ್ಚುಕಡಿಮೆ ಪ್ರತಿದಿನ ಮನಸ್ಸಿಗೆ ಕತ್ತಲು ಕವಿದಿದ್ದು, ನಿದ್ದೆ, ಊಟ, ಕೆಲಸ ಕೆಡುತ್ತ ಬಂದು, ಮೊದಲು ಪ್ರಿಯವಾದುದು ಯಾವುದೂ ಬೇಡವೆನಿಸಿದರೆ ತೋರಿಸಿಕೊಳ್ಳುವ ಕಾಲ ಬಂದಿತೆಂದೇ ತಿಳಿಯಬೇಕು. ಥೈರಾಯ್ಡ್ ಗ್ರಂಥಿ ಮಂದವಾದಾಗಲೂ ಇಂಥ ಲಕ್ಷಣಗಳೇ ಕಾಣುವುದುಂಟು. ಆದುದರಿಂದ ಪರಿಚಯದ ಡಾಕ್ಟರರಲ್ಲಿ ರಕ್ತಪರೀಕ್ಷೆಯನ್ನೂ ಮಾಡಿಸುವುದು ಲೇಸು. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಎರಡು ವಾರ ಕಾಯುವ ಮಾತೇ ಇಲ್ಲ. ಅಂದೇ ಯಾರಿಗಾದರೂ ಹೇಳಬೇಕು, ಅಂದೇ ಆಸ್ಪತ್ರೆಗೆ ಹೋಗಬೇಕು, ಒಬ್ಬರೇ ಇರಬಾರದು.

ಇನ್ನು ಯಾರಲ್ಲಿ ಹೋಗುವುದು? ಸೈಕಿಯಾಟ್ರಿಸ್ಟ್ ಎಂದರೆ ವೈದ್ಯಶಾಸ್ತ್ರ ಓದಿದ ಡಾಕ್ಟರರು, ಔಷಧಿ ಬರೆದುಕೊಡುವವರು. ಕ್ಲಿನಿಕಲ್ ಸೈಕಾಲಜಿಸ್ಟ್ ಔಷಧಿ ಕೊಡುವುದಿಲ್ಲ. ಅವರದು ಮಾತಿನ ಚಿಕಿತ್ಸೆ. ಇವರು 1992ರ ಕಾಯಿದೆಯ ಪ್ರಕಾರ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿರಬೇಕು. ನೋಂದಣಿ ಸಂಖ್ಯೆ ಕೇಳುವುದರಲ್ಲಿ ಅಮರ್ಯಾದೆಯೇನೂ ಇಲ್ಲ. ಕೌನ್ಸೆಲರ್ ಎಂಬ ಫಲಕವನ್ನು ನೋಡಿ ಕಲಿತದ್ದು ಎಷ್ಟೆಂದು ತಿಳಿಯದು, ಕೇಳಿಯೇ ತಿಳಿಯಬೇಕು.

ಮಾತಿನಿಂದ ರೋಗ ಹೋಗುವುದೇ ಎಂದು ನಗುವವರಿದ್ದಾರೆ. ಇದು ಕಟ್ಟೆಯ ಮೇಲಿನ ಹರಟೆಯಲ್ಲ. ವಾರಕ್ಕೊಮ್ಮೆ ಮುಕ್ಕಾಲು ಗಂಟೆಯೋ ಒಂದು ಗಂಟೆಯೋ ಕೂತು ಮಾಡುವ ಕೆಲಸ. ಅಮೆರಿಕದ ಡಾಕ್ಟರ್ ಆರನ್ ಬೆಕ್ ಅವರು 1960ರ ದಶಕದಲ್ಲಿ ರೂಪಿಸಿದ ಪದ್ಧತಿಯನ್ನೇ ನೋಡಿ. "ನಾನು ಯಾವುದಕ್ಕೂ ಬಾರದವನು" ಎಂಬ ಯೋಚನೆ ಯಾವಾಗ ಬಂತು, ಅದಕ್ಕೆ ಆಧಾರವೇನು, ವಿರುದ್ಧವಾದ ಸಾಕ್ಷಿಯೇನು ಎಂದು ಬರೆದಿಟ್ಟು, ಲೆಕ್ಕದ ಪುಸ್ತಕ ತಾಳೆ ನೋಡಿದಂತೆ ನೋಡುತ್ತಾರೆ. ಗುಮಾಸ್ತರಿಗೆ ಈ ಕ್ರಮ ಹಿಡಿಸೀತು!

ಪರನಾಡಿನಲ್ಲಿರುವ ನಮಗೆ ದೊಡ್ಡ ತೊಡಕೆಂದರೆ ಭಾಷೆ. ಮರಾಠಿಯಲ್ಲಿ ಭಾಜಿ ಕೊಳ್ಳುತ್ತೇವೆ, ಹಿಂದಿಯಲ್ಲಿ ಚೌಕಾಸಿ ಮಾಡುತ್ತೇವೆ, ಇಂಗ್ಲಿಷಿನಲ್ಲಿ ರಜೆಯ ಅರ್ಜಿ ಬರೆಯುತ್ತೇವೆ. ಆದರೆ "ಹೊಟ್ಟೆಯಲ್ಲಿ ಸಂಕಟ" ಎಂಬುದನ್ನು ಹಿಂದಿಯಲ್ಲಿ ಹೇಳಹೋದರೆ ಡಾಕ್ಟರರು ಅಜೀರ್ಣದ ಗುಳಿಗೆ ಬರೆದಾರು. ಮನೆಯಲ್ಲೇ ಇರುವ ತಾಯಂದಿರ ಪಾಡು ಇನ್ನೂ ಕಷ್ಟ. ಮಗನನ್ನೋ ಸೊಸೆಯನ್ನೋ ದುಭಾಷಿಯಾಗಿ ಕರೆದೊಯ್ದರೆ, ಅವರೆದುರು ಹೇಳಬಾರದ ಮಾತೇ ಚಿಕಿತ್ಸೆಗೆ ಬೇಕಾದ ಮಾತಾಗಿರುತ್ತದೆ. ಆದುದರಿಂದ ಹೆಸರುವಾಸಿಯಾದವರಿಗಿಂತ ಕನ್ನಡ ಬಲ್ಲವರನ್ನು ಮೊದಲು ಹುಡುಕಿರೆಂದೇ ನಮ್ಮ ಸಲಹೆ. ಈ ವಿಷಯ ಕನ್ನಡಕ್ಕೆ ಹೊಸದೂ ಅಲ್ಲ. 'ಕೊರವಂಜಿ'ಯ ಡಾಕ್ಟರ್ ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, ಬರೆದ 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತ್ತು.

ಎಲ್ಲಿ ಸಿಗುತ್ತಾರೆ? ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್‌ಗೆ 14416 ಸಂಖ್ಯೆಗೆ ಫೋನ್ ಮಾಡಿದರೆ ಖರ್ಚಿಲ್ಲದೆ ಮಾತನಾಡಬಹುದು. ಭಾಷೆ ಆರಿಸುವಾಗ ಕನ್ನಡವನ್ನು ಆರಿಸಿರಿ. ಬೆಂಗಳೂರಿನ ನಿಮ್ಹಾನ್ಸ್ ಇದಕ್ಕೆ ಮಾರ್ಗದರ್ಶಿ ಸಂಸ್ಥೆ. ಮುಂಬಯಿಯಲ್ಲಿ ಪರೇಲಿನ ಕೆ.ಇ.ಎಂ., ಮುಂಬಯಿ ಸೆಂಟ್ರಲ್ಲಿನ ನಾಯರ್ ಮುಂತಾದ ನಗರಪಾಲಿಕೆಯ ಆಸ್ಪತ್ರೆಗಳಲ್ಲಿ ಕೇಸ್ ಪೇಪರ್ ಮಾಡಿಸಿ ತೋರಿಸಬಹುದು. ಖಾಸಗಿಯವರಿಗಿಂತ ಖರ್ಚು ಬಹಳ ಕಡಿಮೆ, ಕಾಯುವುದು ಹೆಚ್ಚು. ಊರ ಕಡೆಯವರಿಗೆ ಧಾರವಾಡದ ಡಿಮ್ಹಾನ್ಸ್ ಇದೆ. ಆದರೆ ವರ್ಷಕ್ಕೊಮ್ಮೆ ಜಾತ್ರೆಗೆ ಹೋದಾಗ ಮುಗಿಸಿ ಬರುವಂಥದಲ್ಲ ಮಾತಿನ ಚಿಕಿತ್ಸೆ. ಕರ್ನಾಟಕದಲ್ಲಿದ್ದು ವಿಡಿಯೋ ಮೂಲಕ ನೋಡುವವರೂ ಈಗ ಇದ್ದಾರೆ. ಚಾಳಿನ ಒಂದೇ ಖೋಲಿಯಲ್ಲಿ ಇರುವವರು ಮಾತಿಗೆ ಮರೆಯ ಜಾಗವನ್ನು ಮೊದಲೇ ನೋಡಿಕೊಳ್ಳಬೇಕಷ್ಟೆ.

ಸಾಹೇಬರಿಗೆ ಗೊತ್ತಾದೀತೆಂಬ ಅಂಜಿಕೆಗೆ ಒಂದು ಮಾತು. 2018ರ ಮೇ 29ರಿಂದ ಜಾರಿಯಲ್ಲಿರುವ ಮಾನಸಿಕ ಆರೋಗ್ಯ ಕಾಯಿದೆಯಂತೆ ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕು. ಯಾರಿಗಾದರೂ ಪ್ರಾಣಾಪಾಯವಿದ್ದಾಗ, ನ್ಯಾಯಾಲಯ ಕೇಳಿದಾಗ, ಹೀಗೆ ಕೆಲವು ಸಂದರ್ಭಗಳಿಗೆ ಮಾತ್ರ ವಿನಾಯಿತಿ.

ಮೊದಲ ದಿನವೇ ಹಗುರವಾಗಲಿಲ್ಲವೆಂದು ಬಿಡಬೇಡಿ. ಅಂದು ಬಹುಮಟ್ಟಿಗೆ ಪ್ರಶ್ನೆಗಳೇ. ಮೂರು ನಾಲ್ಕು ಸಲ ಹೋಗಿಯೂ ಅವರೆದುರು ಮನಬಿಚ್ಚಲು ಆಗದಿದ್ದರೆ ಬೇರೆಯವರನ್ನು ನೋಡಬಹುದು. ಗುಣವಾಗುವುದರಲ್ಲಿ ಇಬ್ಬರ ನಡುವಿನ ನಂಬಿಕೆಯ ಪಾಲು ದೊಡ್ಡದು. ಗದರುವವರು, ಇಷ್ಟೇ ದಿನದಲ್ಲಿ ಗುಣವೆಂದು ಬರೆದುಕೊಡುವವರು, ನಿಮ್ಮ ಗುಟ್ಟನ್ನು ಇನ್ನೊಬ್ಬರಿಗೆ ಹೇಳುವವರು ಆದರೆ ಒಂದೇ ದಿನ ಸಾಕು. ಹಾಗಲ್ಲದೆ ಸುಮ್ಮನೆ ಹೊಂದಿಕೆಯಾಗದಿದ್ದರೆ ಅವರಿಗೇ ಹೇಳಿ ಬಿಡುವುದು ಮೇಲು. ಬೇರೊಬ್ಬರ ಹೆಸರನ್ನು ಅವರೇ ಸೂಚಿಸುವುದುಂಟು. ಔಷಧಿ ನಡೆದಿದ್ದರೆ ತಾವಾಗಿ ನಿಲ್ಲಿಸದೆ, ಹಳೆಯ ಚೀಟಿಗಳನ್ನು ಹೊಸ ಡಾಕ್ಟರರಿಗೆ ತಪ್ಪದೆ ತೋರಿಸಿರಿ.