ಅಜ್ಜನ ಬಲೆ, ಅಪ್ಪನ ಹೊಲ
ಹಿರೇಕೆರೂರು ತಾಲೂಕಿನ ನಮ್ಮನೆ ಅಟ್ಟದಲ್ಲಿ ಅಜ್ಜನ ಬೇಟೆ ಬಲೆ ಇನ್ನೂ ಇದೆ. ದಿನವಿಡೀ ಅಲೆದು ಚಿಗರಿ ಹಿಡೀತಿದ್ದರಂತೆ. 1972ರ ವನ್ಯಜೀವಿ ಕಾಯ್ದೆ ಬಂತು, ಬಲೆ ಅಟ್ಟ ಸೇರಿತು. 1974ರಲ್ಲಿ ಪಕ್ಕದ ರಾಣೆಬೆನ್ನೂರಿನಲ್ಲಿ 119 ಚದರ ಕಿ.ಮೀ. ಕೃಷ್ಣಮೃಗ ಅಭಯಾರಣ್ಯವೂ ಆಯಿತು.

ಕಳೆದ ಮುಂಗಾರಿನಲ್ಲಿ ಊರಿಗೆ ಹೋದಾಗ ಅಪ್ಪನ ಜೊತೆ ಗೋವಿನಜೋಳ ಕಾಯಲು ಕೂತೆ. ನಸುಕಿನಲ್ಲಿ ಟಾರ್ಚ್ ಬಿಟ್ಟರೆ ಎಂಟತ್ತು ಚಿಗರಿ, ಎಳೇ ಪೈರಿನ ಮಧ್ಯೆ. ಕಲ್ಲು ಎತ್ತಿದೆ.

'ಬ್ಯಾಡೋ, ಹೋ ಅಂತ ಕೂಗು, ಸಾಕು' ಅಂದರು ಅಪ್ಪ.

ಕೂಗಿದೆ. ಚೆಂಗನೆ ಹಾರಿ ಹೋದವು. ನಾಲ್ಕು ಸಾಲು ಪೈರು ಬೋಳಾಗಿತ್ತು. ಪರಿಹಾರದ ಅರ್ಜಿಗೆ ಫೋಟೊ ತೆಗೆದುಕೊಟ್ಟೆ.

ಬೆಂಗಳೂರಲ್ಲಿ ಕೂತು 'ಸೇವ್ ವೈಲ್ಡ್‌ಲೈಫ್' ಪೋಸ್ಟಿಗೆ ಲೈಕ್ ಒತ್ತೋದು ಸುಲಭ. ಚಿಗರಿ ಉಳಿಸೋ ಖರ್ಚು ಮಾತ್ರ ಅಪ್ಪನ ಹೊಲದ್ದು.